ಎರಡು ಪೆಟ್ಟಿಗೆಯಲ್ಲಿ ಒಂದು ಸೈಕಲ್

ಗಿರಾವೀನ್, ಸಿಡ್ನಿ
14 ಅಕ್ಟೋಬರ್ 2007, ಭಾನುವಾರ

ಪ್ರೀತಿಯ ಸುಜಾತಾ,

ಟಿಕೆಟ್ ಬುಕ್ ಮಾಡಿಬಿಟ್ಟೆ. ಮಾರ್ಚ್ ಎಂಟು, ಶನಿವಾರ. ನಾನು ಸಿಡ್ನಿಯಿಂದ, ನೀನು ಮೆಲ್ಬರ್ನ್‌ನಿಂದ, ಇಬ್ಬರೂ ಮಧ್ಯಾಹ್ನದ ಹೊತ್ತಿಗೆ ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿಯುತ್ತೇವೆ. ನಿನ್ನ ಟಿಕೆಟ್ಟಿನ ಪ್ರಿಂಟ್ ಇದರ ಜೊತೆಗಿದೆ. ಐದು ವರ್ಷದಿಂದ ಬರೀ ಮಾತಾಡಿದ್ದಾಯಿತು. ನ್ಯೂಜಿಲೆಂಡಿನಲ್ಲಿ ರೈಲು ಹಳಿ ಕಿತ್ತು ಸೈಕಲ್ಲಿಗೆಂದೇ ಮಾಡಿದ ಆ ನೂರೈವತ್ತು ಕಿಲೋಮೀಟರ್ ದಾರಿ ಇನ್ನು ಮೇಲೆ ನಮ್ಮ ಬಾಯಲ್ಲಲ್ಲ, ಕಾಲ ಕೆಳಗೆ ಇರಬೇಕು.

ಸೈಕಲ್ ಅಂಗಡಿಯವನು ಹೊಸ ಸೈಕಲ್ ಬಂದ ಖಾಲಿ ರಟ್ಟಿನ ಪೆಟ್ಟಿಗೆಯೊಂದನ್ನು ಕೊಟ್ಟ. ಅದನ್ನು ಹಾಲಿಗೆ ತಂದಿಟ್ಟಾಗ ಇವರು ಪೇಪರ್ ಮೇಲಿಂದ ಇಣುಕಿ, ‘ಫ್ರಿಜ್ ತಂದ್ಯಾ?’ ಎಂದರು. ಅನಘಾ ಅವಳ ಇಂಗ್ಲಿಷ್‌ನಲ್ಲಿ, ‘ಅಮ್ಮಾ, ಜಸ್ಟ್ ಹೈರ್ ಒನ್ ದೇರ್’ ಎಂದಳು. ಅಲ್ಲಿ ಬಾಡಿಗೆಗೆ ಸಿಗುತ್ತದೆ, ನನಗೂ ಗೊತ್ತು. ಆದರೆ ನಲವತ್ತೆರಡನೇ ವಯಸ್ಸಿನಲ್ಲಿ ಗಿರಾವೀನ್ ಪಾರ್ಕಿನಲ್ಲಿ ಬಿದ್ದು ಎದ್ದು ಸೈಕಲ್ ಕಲಿತವಳು ನಾನು, ಸೀಟು ಹಿಡಿದು ಹಿಂದೆ ಓಡಿದವಳು ನೀನು. ನನ್ನ ಕುಳ್ಳ ಕಾಲಿಗೆ ಸರಿಯಾಗಿ ನೀನೇ ಜೋಡಿಸಿಕೊಟ್ಟ ಸೈಕಲ್ಲದು. ನೀವು ಮೆಲ್ಬರ್ನ್ ಪಕ್ಕದ ಕ್ರಾನ್‌ಬರ್ನ್‌ಗೆ ಮನೆ ಬದಲಾಯಿಸಿದ ಮೇಲೂ ಅದರ ಒಂದು ಬೋಲ್ಟನ್ನೂ ನಾನು ಮುಟ್ಟಿಲ್ಲ. ನನಗೆ ಬೇರೆ ಸೈಕಲ್ ಬೇಡ.

ಈಗ ಮುಟ್ಟಬೇಕಾಗಿದೆ, ಅದೇ ಕಷ್ಟ. ಪೆಡಲ್ ಬಿಚ್ಚಬೇಕಂತೆ. ಬಲಗಡೆಯದು ಬಂತು. ಎಡಗಡೆಯದರ ಮೇಲೆ ಸ್ಪ್ಯಾನರ್ ಹಾಕಿ ನಿಂತುಕೊಂಡೇ ಒತ್ತಿದೆ, ಅಲ್ಲಾಡಲಿಲ್ಲ. ಇವರು ಬಂದು ಒತ್ತಿದರು, ಇನ್ನೂ ಬಿಗಿಯಾಯಿತು. ನೀನು ಹೇಳು. ಫೋನಿನಲ್ಲಿ ಬೇಡ, ಬರೆದು ಕಳಿಸು, ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಮಾಡುತ್ತೇನೆ. ಇಮೇಲ್‌ನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ನನಗೆ ತಲೆಬುಡ ತಿಳಿಯುವುದಿಲ್ಲ.

ನಿನ್ನ
ವಿಜಯಾ


ಕ್ರಾನ್‌ಬರ್ನ್
22 ಅಕ್ಟೋಬರ್ 2007

ವಿಜಿ,

ಟಿಕೆಟ್ ನೋಡಿ ಅಡುಗೆಮನೆಯಲ್ಲೇ ಒಂದು ಸುತ್ತು ಕುಣಿದೆ. ಇವರು ನೋಡಿ, ‘ಏನಾತ?’ ಅಂದರು, ಅಷ್ಟೇ. ನಮ್ಮ ಬಾಳಪ್ಪನವರ ಪಾಲಿಗೆ ಅದೇ ದೊಡ್ಡ ಭಾಷಣ.

ನಿನ್ನ ಯಜಮಾನರಿಗೆ ಆ ಸೈಕಲ್ಲಿನ ಹತ್ತಿರ ಬರಬೇಡಿ ಅಂತ ಹೇಳು. ಎಡಗಡೆ ಪೆಡಲಿನ ತಿರುಪು ಉಲ್ಟಾ. ಬಿಚ್ಚಬೇಕಾದರೆ ಗಡಿಯಾರದ ಮುಳ್ಳು ಹೋಗುವ ಕಡೆ ತಿರುಗಿಸಬೇಕು. ನೀವಿಬ್ಬರೂ ಸೇರಿ ಅದನ್ನು ಗಟ್ಟಿ ಮಾಡಿದ್ದೀರಿ. ಸಂದಿಗೆ ಎರಡು ಹನಿ ಎಣ್ಣೆ ಬಿಟ್ಟು ಒಂದು ದಿನ ಬಿಡು. ಆಮೇಲೆ ಉದ್ದ ಹಿಡಿಕೆಯ ಪಾನಾ ಹಾಕು. ನೀನು ಸ್ಪ್ಯಾನರ್ ಅನ್ನು, ನಾನು ಪಾನಾ ಅನ್ನುತ್ತೇನೆ, ರಾಣೆಬೆನ್ನೂರಿನ ನಮ್ಮಪ್ಪನ ಸೈಕಲ್ ಅಂಗಡಿಯಲ್ಲಿ ಅದಕ್ಕೆ ಬೇರೆ ಹೆಸರಿರಲಿಲ್ಲ.

ಆಮೇಲೆ ಸೀಟಿನ ಕಂಬಕ್ಕೆ ಈಗಿರುವ ಎತ್ತರದಲ್ಲೇ ಒಂದು ಸುತ್ತು ಟೇಪ್ ಸುತ್ತು, ಅಲ್ಲಿ ಹೋಗಿ ಅಳತೆ ಹುಡುಕಬೇಕಾಗುವುದಿಲ್ಲ. ಮುಂದಿನ ಚಕ್ರ ತೆಗೆ. ತೆಗೆದ ಮೇಲೆ ಫೋರ್ಕಿನ ಎರಡು ಕಾಲುಗಳ ನಡುವೆ ಒಂದು ಗಟ್ಟಿ ಮರದ ತುಂಡು ಸಿಕ್ಕಿಸು. ಅದಿಲ್ಲದಿದ್ದರೆ ಮೇಲೆ ಯಾರದೋ ಸೂಟ್‌ಕೇಸ್ ಬಿದ್ದಾಗ ಕಾಲುಗಳು ಒಳಗೆ ಬಾಗುತ್ತವೆ. ಹಿಂದಿನ ಗೇರ್ ಬಿಚ್ಚಿ ಹಳೇ ಬಟ್ಟೆಯಲ್ಲಿ ಸುತ್ತಿ ಒಳಗಡೆಗೆ ಕಟ್ಟು. ಬಿಚ್ಚಿದ ಬೋಲ್ಟ್‌ಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಸೈಕಲ್ಲಿಗೇ ಟೇಪ್ ಹಾಕು, ನಿನ್ನ ಹ್ಯಾಂಡ್‌ಬ್ಯಾಗಿನಲ್ಲಿ ಇಟ್ಟುಕೊಳ್ಳಬೇಡ, ನಿನ್ನ ಹ್ಯಾಂಡ್‌ಬ್ಯಾಗ್ ನನಗೆ ಗೊತ್ತು. ಟೈರಿನ ಮಣ್ಣು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆ. ಒಂದು ಚಿಟಿಕೆ ಮಣ್ಣು ಕಂಡರೂ ನ್ಯೂಜಿಲೆಂಡಿನವರು ಏರ್‌ಪೋರ್ಟಿನಲ್ಲೇ ಹಿಡಿದು ನಿಲ್ಲಿಸುತ್ತಾರಂತೆ.

ನಾನಿದನ್ನೆಲ್ಲ ಕಣ್ಣು ಮುಚ್ಚಿ ಮಾಡುತ್ತೇನೆ. ನೀನು ಕಣ್ಣು ಬಿಟ್ಟುಕೊಂಡೇ ಮಾಡು, ಆದರೆ ಮಾರ್ಚ್‌ಗೆ ಮುಂಚೆ ಎರಡು ಸಲವಾದರೂ ಬಿಚ್ಚಿ ಕಟ್ಟಬೇಕು.

ಈ ಕಾಗದ ನೋಡು, ಎಂಥ ಅಗ್ಗದ ಪುಸ್ತಕ ತಂದಿದ್ದಾರೆ ಇವರು. ಗೆರೆಗಳೆಲ್ಲ ನಡುವೆ ಅಂಕುಡೊಂಕು. ಬರೆಯುವುದಕ್ಕೇ ಬೇಜಾರು.

ಸುಜಾತಾ


ಗಿರಾವೀನ್
4 ನವೆಂಬರ್ 2007

ಪ್ರೀತಿಯ ಸುಜಾತಾ,

ಬಿಚ್ಚಿಕೊಂಡಿತು! ‘ಟಕ್’ ಅಂದ ಸದ್ದಿಗೆ ಅನಘಾ ಮೇಲಿಂದ ಓಡಿ ಬಂದಳು. ನಿನ್ನ ಪತ್ರವನ್ನು ಗೋಡೆಗೆ ಅಂಟಿಸಿಕೊಂಡು ಮೂರು ಗಂಟೆ ಕೂತೆ. ಪೆಟ್ಟಿಗೆ ಮುಚ್ಚಿ ತೂಕ ನೋಡಿ, ಮತ್ತೆ ಬಿಚ್ಚಿ ಜೋಡಿಸಿದೆ. ಜೋಡಿಸಿದ ಮೇಲೆ ಒಂದು ವಾಷರ್ ಉಳಿಯಿತು. ಅದು ಎಲ್ಲಿಯದೋ ಗೊತ್ತಿಲ್ಲ, ಸೈಕಲ್ ಮಾತ್ರ ಓಡುತ್ತಿದೆ.

ಒಂದು ವಿಷಯ. ನಿನ್ನ ಕಾಗದದ ಗೆರೆಗಳು ನೆಟ್ಟಗೇ ಇವೆಯಲ್ಲೇ. ಅಕ್ಷರ ಮಾತ್ರ ಗೆರೆ ಬಿಟ್ಟು ಮೇಲೆ ಕೆಳಗೆ ಹೋಗಿವೆ. ಬಸ್ಸಿನಲ್ಲಿ ಕೂತು ಬರೆದೆಯಾ? ಪಾಪ, ಬಾಳಪ್ಪನವರ ಪುಸ್ತಕವನ್ನು ಬೈದೆ.

ನೀನು ಯಾವಾಗ ಕಟ್ಟುತ್ತೀಯ? ಪೆಟ್ಟಿಗೆ ಸಿಕ್ಕಿತಾ? ನಿನ್ನ ಸೈಕಲ್ ದೊಡ್ಡದು, ನನ್ನ ಪೆಟ್ಟಿಗೆಯ ಅಳತೆ ಸಾಲುವುದಿಲ್ಲ. ಶುಕ್ರವಾರ ದೀಪಾವಳಿಗೆ ಫೋನ್ ಮಾಡುತ್ತೇನೆ.

ವಿಜಯಾ


ಕ್ರಾನ್‌ಬರ್ನ್
26 ನವೆಂಬರ್ 2007

ವಿಜಿ,
ಪೆಟ್ಟಿಗೆ ಇನ್ನೂ ಸಿಕ್ಕಿಲ್ಲ.
ಕೆಲಸ ಜಾಸ್ತಿ.
ನೀನು ಪ್ರಾಕ್ಟೀಸ್ ನಿಲ್ಲಿಸಬೇಡ.
ಸು.


ಗಿರಾವೀನ್
16 ಡಿಸೆಂಬರ್ 2007

ಸುಜಾತಾ,

ಇದೇನು ಪತ್ರವೋ, ಅಂಗಡಿಯ ಬೋರ್ಡೋ? ದಪ್ಪ ಮಾರ್ಕರ್ ಪೆನ್ನಿನಲ್ಲಿ ಒಂದೊಂದು ಅಕ್ಷರ ಒಂದೊಂದು ಇಂಚು, ಇಡೀ ಹಾಳೆಗೆ ನಾಲ್ಕು ಸಾಲು. ಸಿಟ್ಟು ಬಂದಿದ್ದರೆ ಸಿಟ್ಟು ಅಂತಲೇ ಬರೆ. ದೀಪಾವಳಿಗೆ ಫೋನ್ ಮಾಡಿದರೆ ‘ಆಮೇಲೆ ಮಾಡ್ತೀನಿ’ ಅಂದೆ. ಆ ‘ಆಮೇಲೆ’ ಇನ್ನೂ ಬಂದಿಲ್ಲ. ನಾನು ಮೂರು ಸಲ ಮಾಡಿದಾಗಲೂ ಬಾಳಪ್ಪನವರೇ ಎತ್ತಿದರು. ‘ಮಲಗ್ಯಾಳ್ರೀ’ ಅನ್ನುತ್ತಾರೆ. ಸಂಜೆ ಐದಕ್ಕೆ ನೀನು ಮಲಗುವವಳಾ?

ನನಗೆ ಅರ್ಥವಾಗುತ್ತದೆ. ಹೆಂಡತಿ ಒಬ್ಬಳೇ ಹೋಗುವುದು ಅವರಿಗೆ ಇಷ್ಟವಿಲ್ಲ. ಬಾಯಿ ಬಿಟ್ಟು ಹೇಳುವುದಿಲ್ಲ, ಗೋಡೆಯ ಹಾಗೆ ಅಡ್ಡ ನಿಂತುಬಿಡುತ್ತಾರೆ. ನೀನೂ ಆ ಗೋಡೆಗೆ ಒರಗಿಕೊಂಡು ಕೂತುಬಿಟ್ಟೆ. ನನಗೆ ಸೈಕಲ್ ಕಲಿಸುವಾಗ ‘ಬೀಳೋದಕ್ಕೆ ಹೆದರಿದ್ರ ನಿಂತಲ್ಲೇ ಬೀಳ್ತಿ’ ಅಂದವಳು ನೀನೇ ಅಲ್ಲವಾ?

ಬರುವುದಿಲ್ಲ ಅನ್ನುವುದಾದರೆ ಹೇಳಿಬಿಡು. ನಾನು ಒಬ್ಬಳೇ ಹೋಗುತ್ತೇನೆ. ಹೋಗುವುದಂತೂ ಖಂಡಿತ.

ವಿಜಯಾ


ಕ್ರಾನ್‌ಬರ್ನ್
13 ಜನವರಿ 2008

ವಿಜಿ,

ನಿನ್ನ ಪತ್ರವನ್ನು ನಾನು ಓದಲಿಲ್ಲ. ಇವರು ಓದಿ ಹೇಳಿದರು. ‘ಗೋಡೆಯ ಹಾಗೆ’ ಅನ್ನುವ ಸಾಲು ಬಂತು. ಅದನ್ನೂ ಪೂರ್ತಿ, ಸರಿಯಾಗಿ, ಒಂದಕ್ಷರ ಬಿಡದೆ ಓದಿದರು. ಪತ್ರ ಮಡಿಸಿಟ್ಟು, ‘ಗ್ವಾಡಿ ಅಂದ್ರ ಒರಗಾಕರ ಬರ್ತೈತಿ, ಬಿಡು’ ಅಂದರು.

ನನಗೆ ಓದಲು ಆಗುತ್ತಿಲ್ಲ. ಎರಡೂ ಕಣ್ಣಿನ ಹಿಂದಿನ ಪರದೆಯ ನಡುಭಾಗ ಹಾಳಾಗುತ್ತಿದೆ. ಚಿಕ್ಕಂದಿನಿಂದ ನನ್ನದು ಸೋಡಾ ಬಾಟಲಿಯ ತಳದಂಥ ಕನ್ನಡಕವಲ್ಲವಾ, ಅಂಥ ಕಣ್ಣಿಗೆ ಹೀಗಾಗುವುದುಂಟು ಅಂದರು ಡಾಕ್ಟರ್. ಬಲಗಣ್ಣು ಮೊದಲೇ ಹೋಗಿತ್ತು, ನನಗೇ ಗೊತ್ತಾಗಿರಲಿಲ್ಲ. ಅಕ್ಟೋಬರ್‌ನಲ್ಲಿ ಎಡಗಣ್ಣಿಗೆ ಶುರುವಾಯಿತು. ಅಂಕುಡೊಂಕಾಗಿದ್ದದ್ದು ಕಾಗದದ ಗೆರೆಯಲ್ಲ, ನನ್ನ ನೋಟ. ನೀನು ‘ಗೆರೆ ನೆಟ್ಟಗಿದೆ’ ಅಂತ ಬರೆದದ್ದನ್ನು ಓದಿದ ಮಾರನೆಯ ದಿನವೇ ಡಾಕ್ಟರ ಹತ್ತಿರ ಹೋದೆ. ಆ ಮಟ್ಟಿಗೆ ನೀನು ಉಪಕಾರ ಮಾಡಿದ್ದೀಯ.

ಈಗ ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಕೂದಲು ಕಾಣುತ್ತದೆ, ಮುಖ ಇಲ್ಲ. ಮುಖದ ಜಾಗದಲ್ಲಿ ಮಬ್ಬು. ಪಕ್ಕದಲ್ಲಿರುವುದು ಚೆನ್ನಾಗಿಯೇ ಕಾಣುತ್ತದೆ, ನೋಡಬೇಕೆಂದು ತಿರುಗಿದರೆ ಮಾಯ. ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ, ಆರು ವಾರಕ್ಕೊಂದು. ಉಳಿದಿರುವುದನ್ನು ಉಳಿಸಲಿಕ್ಕೆ, ಹೋದದ್ದು ಬರುವುದಿಲ್ಲ. ವೃದ್ಧಾಶ್ರಮದ ಅಡುಗೆಮನೆಯ ಕೆಲಸ ಬಿಟ್ಟೆ. ಕಾರಿನ ಲೈಸೆನ್ಸ್ ವಾಪಸ್ ಕೊಟ್ಟೆ. ನವೆಂಬರ್‌ನಲ್ಲಿ ಕೊನೆಯ ಸಲ ಅಂತ ಹಟ ಮಾಡಿ ಸೈಕಲ್ ತೆಗೆದಿದ್ದೆ. ರಸ್ತೆ ಬದಿಯ ಕಸದ ಡಬ್ಬಿಗೆ ಹೋಗಿ ಹೊಡೆದೆ. ಹಸಿರು ಮುಚ್ಚಳದ ಅಷ್ಟೆತ್ತರದ ಡಬ್ಬಿ ವಿಜಿ, ಅದೇ ಕಾಣಲಿಲ್ಲ.

ಟಿಕೆಟ್ ಡಿಸೆಂಬರ್‌ನಲ್ಲೇ ಕ್ಯಾನ್ಸಲ್ ಮಾಡಿದೆ. ಹೇಳಲಿಲ್ಲ. ಹೇಳಿದರೆ ನೀನೂ ಮಾಡುತ್ತೀಯ ಅಂತ ಹೆದರಿದೆ. ಈಗ ನೀನೇ ‘ಒಬ್ಬಳೇ ಹೋಗುತ್ತೇನೆ’ ಅಂದೆಯಲ್ಲ, ಆ ಸಾಲು ಕೇಳಿ ನೆಮ್ಮದಿಯಾಯಿತು. ಹೋಗಿ ಬಾ.

ಈ ಪತ್ರ ಬರೆಯಲು ಮೂರು ದಿನ, ಇಪ್ಪತ್ತೆರಡು ಹಾಳೆ ಆಯಿತು. ಉತ್ತರದಲ್ಲಿ ಅಳಬೇಡ. ಓದಿ ಹೇಳುವವರಿಗೆ ಕಷ್ಟವಾಗುತ್ತದೆ.

ಸುಜಾತಾ


ಗಿರಾವೀನ್
29 ಜನವರಿ 2008

ಪ್ರೀತಿಯ ಸುಜಾತಾ,

ಮೊದಲ ಸಾಲು ಓದುತ್ತಿರುವವರಿಗೆ. ಬಾಳಪ್ಪನವರೇ, ತಪ್ಪಾಯಿತು. ನನಗೆ ಗೊತ್ತಿಲ್ಲದ್ದನ್ನು ಗೊತ್ತು ಅಂದುಕೊಂಡು ಬರೆದೆ. ಕ್ಷಮಿಸಿ, ಮುಂದೆ ಓದಿ.

ಹದಿಮೂರು ದಿನ ಉತ್ತರ ಬರೆಯಲಿಲ್ಲ. ಮೊದಲ ಎರಡು ದಿನ ನೀನು ಬೇಡ ಅಂದದ್ದನ್ನೇ ಮಾಡಿದೆ. ಮೂರನೆಯ ದಿನ ಪ್ಯಾರಮಟ್ಟಾದ ಆಫೀಸಿಗೆ ರಜೆ ಹೇಳಿ, ನನಗೆ ಪೆಟ್ಟಿಗೆ ಕೊಟ್ಟ ಸೈಕಲ್ ಅಂಗಡಿಗೆ ಹೋದೆ. ‘ಇಬ್ಬರು ಕೂರುವ ಸೈಕಲ್ ಇದೆಯಾ?’ ಎಂದು ಕೇಳಿದೆ. ಅವನ ಹತ್ತಿರ ಇರಲಿಲ್ಲ. ಆದರೆ ಟೂಂಗಾಬಿಯಲ್ಲಿ ಕೆನ್ ಎನ್ನುವ ಮುದುಕರೊಬ್ಬರ ವಿಳಾಸ ಕೊಟ್ಟ. ಅವರು ನಲವತ್ತು ವರ್ಷ ಸೈಕಲ್ ಫ್ರೇಮ್ ಕಟ್ಟಿದವರು. ತಮಗೂ ಹೆಂಡತಿಗೂ ಅಂಥದ್ದೇ, ಇಬ್ಬರು ಕೂರುವ ಒಂದು ಸೈಕಲ್ ಮಾಡಿಕೊಂಡಿದ್ದರು. ಹೆಂಡತಿಗೆ ಸೊಂಟದ ಆಪರೇಷನ್ ಆದ ಮೇಲೆ ಅದು ಶೆಡ್ಡಿನಲ್ಲಿ ನಿಂತಿದೆ. ನಿನ್ನ ವಿಷಯ ಹೇಳಿದೆ. ಅವರು ಹೆಚ್ಚು ಕೇಳಲಿಲ್ಲ. ‘ನಿನ್ನ ಗೆಳತಿಯ ಎತ್ತರ ಎಷ್ಟು?’ ಅಂದರು, ಅಷ್ಟೇ.

ಏರ್‌ಲೈನ್‌ಗೆ ಫೋನ್ ಮಾಡಿದೆ. ಅಷ್ಟು ಉದ್ದದ ಸೈಕಲ್ ಒಯ್ಯುವುದಿಲ್ಲ, ಪೆಟ್ಟಿಗೆಯ ಉದ್ದಕ್ಕೆ ಮಿತಿ ಇದೆ ಅಂದಳು ಆ ಹುಡುಗಿ. ಎರಡು ಪೆಟ್ಟಿಗೆಯಾದರೆ? ಒಬ್ಬರಿಗೆ ಒಂದೇ ಪೆಟ್ಟಿಗೆ ಅಂದಳು. ‘ನಾವು ಇಬ್ಬರಿದ್ದೇವೆ’ ಅಂದೆ.

ಅದಕ್ಕೇ ಕೆನ್ ಅದನ್ನು ನಡುವೆ ಕತ್ತರಿಸಿದರು. ಗರಗಸ ಹಾಕುವ ಮುಂಚೆ ಎರಡು ಸಲ ಕೇಳಿದರು, ‘ಖಂಡಿತಾನಾ? ಆಮೇಲೆ ಮೊದಲಿನ ಹಾಗೆ ಮಾಡೋಕಾಗಲ್ಲ.’ ಖಂಡಿತ ಅಂದೆ. ಕತ್ತರಿಸಿದ ಮೂರು ಕೊಳವೆಗಳ ತುದಿಗೂ ಹಲ್ಲಿರುವ ಉಕ್ಕಿನ ಉಂಗುರ ಬೆಸೆದಿದ್ದಾರೆ. ಹಲ್ಲಿಗೆ ಹಲ್ಲು ಕೂಡಿಸಿ, ಮೇಲೊಂದು ತಿರುಪಿನ ಬಳೆ ಬಿಗಿದರೆ ಒಂದೇ ಸೈಕಲ್.

ಮುಂದಿನ ಅರ್ಧ ನನ್ನ ಹಾಲಿನಲ್ಲಿದೆ. ಹಿಂದಿನ ಅರ್ಧ ಶುಕ್ರವಾರ ಟ್ರಾನ್ಸ್‌ಪೋರ್ಟ್‌ನವರು ನಿನ್ನ ಮನೆಗೆ ತರುತ್ತಾರೆ. ನಿನ್ನನ್ನು ಕೇಳದೆ ಮಾಡಿದೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ.

ವಿಜಯಾ


ಕ್ರಾನ್‌ಬರ್ನ್
3 ಫೆಬ್ರವರಿ 2008

ವಿಜಯಾ,

ತಲೆ ಕೆಟ್ಟಿದೆಯಾ ನಿನಗೆ? ಚೆನ್ನಾಗಿರುವ ಫ್ರೇಮನ್ನು ಯಾರಾದರೂ ಕತ್ತರಿಸುತ್ತಾರಾ? ನಮ್ಮಪ್ಪ ಇದ್ದಿದ್ದರೆ ನಿನ್ನನ್ನು ಅಂಗಡಿಯ ಮೆಟ್ಟಿಲು ಹತ್ತಿಸುತ್ತಿರಲಿಲ್ಲ. ಈ ಪತ್ರ ಗೀಚುವುದಕ್ಕೆ ಎರಡು ಮಾರ್ಕರ್ ಮುಗಿದಿವೆ, ಅಷ್ಟು ಸಿಟ್ಟಿದೆ.

ಪೆಟ್ಟಿಗೆ ಬಂದಿದೆ. ಇವರು ಗ್ಯಾರೇಜಿನಲ್ಲಿ ಬಿಚ್ಚಿಟ್ಟರು. ಎರಡು ದಿನ ನಾನು ಆ ಕಡೆ ಹೋಗಲಿಲ್ಲ. ಇವತ್ತು ಹೋಗಿ ಬೆಸುಗೆಯ ಸುತ್ತ ಹೆಬ್ಬೆರಳು ಆಡಿಸಿದೆ. ನಿನ್ನ ಕೆನ್ ಕೆಲಸ ಬಲ್ಲವರು, ಒಂದು ಗಂಟು ಸಿಗಲಿಲ್ಲ. ಮೂರು ಉಂಗುರಗಳೂ ಒಂದೇ ನೇರಕ್ಕಿವೆ, ದಾರ ಹಿಡಿದು ನೋಡಿದೆ.

ಆದರೆ ಹಿಂದಿನ ಬ್ರೇಕಿನ ತಂತಿ ಮುಂದಿನ ಹ್ಯಾಂಡಲ್‌ನಿಂದ ಬರುತ್ತದೆ. ಅದನ್ನು ಕತ್ತರಿಸಿ ನಡುವೆ ಕೊಂಡಿ ಹಾಕಿದ್ದಾರೆ. ಗೇರಿನ ತಂತಿಗೂ ಅದೇ. ಅದು ನನಗೆ ಒಪ್ಪಿಗೆಯಿಲ್ಲ. ಇಬ್ಬರ ಭಾರಕ್ಕೆ, ಇಳಿಜಾರಿನಲ್ಲಿ, ಕೊಂಡಿ ಜಾರಿದರೆ? ಆ ತಂತಿಗಳನ್ನು ತೆಗೆದುಹಾಕು. ಹಿಂದಿನ ಬ್ರೇಕೂ ಗೇರೂ ಹಿಂದಿನ ಹ್ಯಾಂಡಲ್‌ನಲ್ಲೇ ಇರಬೇಕು. ಆಗ ನಡುವಿನ ಜೋಡಣೆಯನ್ನು ಒಂದು ತಂತಿಯೂ ದಾಟುವುದಿಲ್ಲ. ನನ್ನ ಹಳೇ ಸೈಕಲ್ಲಿನ ಬ್ರೇಕ್ ಹಿಡಿ ತೆಗೆದು ನಾನೇ ಹಾಕುತ್ತೇನೆ. ಎರಡೂ ಪೆಡಲುಗಳನ್ನು ಕೂಡಿಸುವ ಎಡಗಡೆಯ ಚೈನ್ ಯಾರ ಪೆಟ್ಟಿಗೆಯಲ್ಲಿ? ಅದನ್ನು ನನಗೆ ಕಳಿಸು. ನೀನು ಕಳೆಯುತ್ತೀಯ.

ಇದರರ್ಥ ನಾನು ಬರುತ್ತೇನೆ ಅಂತಲ್ಲ. ಕೆಟ್ಟ ಕೆಲಸ ನೋಡಿಕೊಂಡು ಸುಮ್ಮನಿರಲು ಆಗುವುದಿಲ್ಲ, ಅಷ್ಟೇ.

ಸುಜಾತಾ


ಗಿರಾವೀನ್
9 ಫೆಬ್ರವರಿ 2008

ಪ್ರೀತಿಯ ಸುಜಾತಾ,

ಚೈನ್ ಇದರ ಜೊತೆಗಿದೆ, ಎಣ್ಣೆಬಟ್ಟೆಯಲ್ಲಿ ಸುತ್ತಿದ್ದೇನೆ. ನಿನ್ನ ಬ್ರೇಕಿನ ಮಾತನ್ನು ಕೆನ್‌ಗೆ ಹೇಳಿದೆ. ‘ಅವಳು ಹೇಳಿದ್ದೇ ಸರಿ’ ಅಂದರು. ಮುಂದಿನ ಬ್ರೇಕು, ಹ್ಯಾಂಡಲ್ ನನ್ನದು. ಹಿಂದಿನ ಬ್ರೇಕು, ಗೇರು ನಿನ್ನದು.

ನಿನ್ನ ಹೆಸರಿಗೆ ಮತ್ತೆ ಅದೇ ದಿನದ ಟಿಕೆಟ್ ಬುಕ್ ಮಾಡಿದ್ದೇನೆ. ಡಾಕ್ಟರನ್ನು ಒಂದು ಮಾತು ಕೇಳು.

ಕತ್ತರಿಸುವ ಮುಂಚೆ ಕೆನ್ ಅವರನ್ನು ಹಿಂದೆ ಕೂರಿಸಿಕೊಂಡು ಪ್ರಾಕ್ಟೀಸ್ ಮಾಡಿದೆ. ಚೆನ್ನಾಗಿಯೇ ಆಯಿತು. ನೀನು ಏನೂ ಯೋಚಿಸಬೇಡ.

ವಿಜಯಾ


ಕ್ರಾನ್‌ಬರ್ನ್
24 ಫೆಬ್ರವರಿ 2008

ವಿಜಿ,

ಬರುತ್ತೇನೆ.

ಪೆಟ್ಟಿಗೆ ಕಟ್ಟಿ ಆಯಿತು. ಇವರು ಸಹಾಯಕ್ಕೆ ಬಂದರು, ಬೇಡ ಅಂದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಬೆರಳಿಗೆ ಎಲ್ಲ ನೆನಪಿದೆ. ಬೋಲ್ಟ್ ಕೈ ಜಾರಿ ಬಿದ್ದರೆ ಮಾತ್ರ ಹುಡುಕುವುದು ಕಷ್ಟ, ಅದಕ್ಕೇ ಕೆಳಗೆ ಬಿಳಿ ಬೆಡ್‌ಶೀಟ್ ಹಾಸಿಕೊಂಡೆ. ಡಾಕ್ಟರನ್ನು ಕೇಳಿದೆ, ಹೋಗಬಹುದಂತೆ. ಮುಂದಿನ ಇಂಜೆಕ್ಷನ್ ಮಾರ್ಚ್ ಕೊನೆಗೆ.

ನನ್ನ ಷರತ್ತು ಕೇಳು. ‘ಅಯ್ಯೋ ಎಷ್ಟು ಚೆನ್ನಾಗಿದೆ, ನಿನಗೆ ಕಾಣಲ್ವಲ್ಲ’ ಅನ್ನಬಾರದು. ನಿಮಿಷಕ್ಕೊಮ್ಮೆ ‘ಹುಷಾರು’ ಅನ್ನಬಾರದು. ಹೊರಡುವಾಗ, ನಿಲ್ಲುವಾಗ, ತಿರುಗುವಾಗ, ಗುಂಡಿ ಬಂದಾಗ ಜೋರಾಗಿ ಹೇಳಬೇಕು. ಉಳಿದ ಹೊತ್ತು ಎಂದಿನ ಹಾಗೆ ಹರಟಬೇಕು.

ಚಟ್ನಿಪುಡಿ ತರುತ್ತಿದ್ದೇನೆ. ಫಾರ್ಮಿನಲ್ಲಿ ಬರೆದು ತೋರಿಸಿದರೆ ಬಿಡುತ್ತಾರಂತೆ.

ಸುಜಾತಾ


ಗಿರಾವೀನ್
24 ಮಾರ್ಚ್ 2008

ಪ್ರೀತಿಯ ಸುಜಾತಾ,

ಬಂದು ಎಂಟು ದಿನವಾಯಿತು, ಕೂರುವುದು ಇನ್ನೂ ಕಷ್ಟ. ಅನಘಾ ದಿನಾ ಬಂದು ‘ಆಮೇಲೆ? ಆಮೇಲೆ?’ ಅನ್ನುತ್ತಾಳೆ, ಕನ್ನಡದಲ್ಲೇ. ಕ್ರೈಸ್ಟ್‌ಚರ್ಚ್ ಏರ್‌ಪೋರ್ಟಿನ ನೆಲದ ಮೇಲೆ ನೀನು ಎರಡು ಅರ್ಧಗಳನ್ನು ಕೂಡಿಸಿದ್ದನ್ನು ಹೇಳಿದೆ. ನೀನು ಒಂದೊಂದು ಉಂಗುರವನ್ನೂ ಬೆರಳಿನಿಂದ ಒರೆಸಿ, ಹಲ್ಲು ಕೂಡಿಸಿ, ಬಳೆ ಬಿಗಿದೆ. ಟೈರಿನಲ್ಲಿ ಮಣ್ಣು ಹುಡುಕಲು ಬಂದ ಆಫೀಸರ್, ಮಣ್ಣು ಮರೆತು ನಿನ್ನ ಕೈಯನ್ನೇ ನೋಡುತ್ತಾ ನಿಂತದ್ದು ನಿನಗೆ ಕಂಡಿರಲಿಕ್ಕಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೂರನೆಯ ದಿನದ ಸುರಂಗದ ಕಥೆಯನ್ನು ಅವಳು ಎರಡು ಸಲ ಹೇಳಿಸಿದಳು. ನನ್ನ ಟಾರ್ಚ್ ಕೆಟ್ಟಿತ್ತು. ಒಳಗೆ ನಡುವಿನವರೆಗೆ ತಳ್ಳಿಕೊಂಡು ಹೋದ ಮೇಲೆ ಆಚೆಯ ಬೆಳಕೂ ಇಲ್ಲ, ಈಚೆಯದೂ ಇಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ನೀನು ಹಿಂದಿನಿಂದ ಮುಂದೆ ಬಂದು, ಎಡಗೈ ಗೋಡೆಗಿಟ್ಟು, ‘ಬಾ, ಇಲ್ಲಿ ನೆಲ ಸಪಾಟ ಐತಿ’ ಎಂದು ಸೈಕಲ್ಲನ್ನೂ ನನ್ನನ್ನೂ ಎಳೆದುಕೊಂಡು ಹೋದೆ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ‘ಪ್ರಾಕ್ಟೀಸ್ ಚೆನ್ನಾಗಿ ಆಯಿತು’ ಅಂದದ್ದು ಸುಳ್ಳು. ಎರಡನೆಯ ದಿನವೇ ಕೆನ್ ಅವರನ್ನು ಬೀಳಿಸಿದೆ. ಎಪ್ಪತ್ನಾಲ್ಕು ವರ್ಷದ ಮನುಷ್ಯರ ಮೊಣಕೈ ಪೂರಾ ತರಚಿ ರಕ್ತ. ಮನೆಗೆ ಬಂದು ಹೇಳಿದಾಗ ಇವರು, ‘ಇನ್ನೊಬ್ರ ಜೀವ ಹಿಂದೆ ಕೂರಿಸ್ಕೊಂಡು ಹೋಗ್ತಿದೀಯ ವಿಜಯಾ, ನೆನಪಿರ್ಲಿ’ ಅಂದರು. ಆ ಮಾತು ಎದೆಯಲ್ಲೇ ಕೂತಿತ್ತು. ದಾರಿ ಶುರುವಾಗುವ ಕ್ಲೈಡ್ ಊರಿನಿಂದ ಹೊರಟ ಮೊದಲ ದಿನ ಸೈಕಲ್ ಅಲುಗಾಡಿದಾಗ ನಿನಗೆ ‘ಗಾಳಿ’ ಅಂದೆ. ಗಾಳಿಯಲ್ಲ. ನನ್ನ ಕೈ ನಡುಗುತ್ತಿತ್ತು. ಮೊದಲೇ ಹೇಳಬೇಕಿತ್ತು. ಹೇಳಿದರೆ ನೀನು ಬರುವುದಿಲ್ಲವೆಂದು ಹೆದರಿದೆ.

ವಿಜಯಾ


ಕ್ರಾನ್‌ಬರ್ನ್
6 ಏಪ್ರಿಲ್ 2008

ವಿಜಿ,

ಗೊತ್ತಿತ್ತು. ಗಾಳಿ ಸೈಕಲ್ಲನ್ನು ಒಂದು ಕಡೆಗೆ ತಳ್ಳುತ್ತದೆ, ಕೈ ನಡುಗಿದರೆ ಎರಡೂ ಕಡೆ ಅಲುಗುತ್ತದೆ. ಸೀಟಿನಿಂದಲೇ ತಿಳಿಯುತ್ತದೆ. ನಿನಗೆ ಹೇಳಿದರೆ ಇನ್ನೂ ನಡುಗುತ್ತೀಯ ಅಂತ ನಾನೂ ‘ಹೌದು, ಭಾಳ ಗಾಳಿ’ ಅಂದೆ. ಹನ್ನೆರಡನೇ ಕಿಲೋಮೀಟರ್ ಹೊತ್ತಿಗೆ ನಿಂತಿತು. ಆಮೇಲೆ ನಾನು ಹಾಡಲು ಶುರು ಮಾಡಿದ್ದು ಅದಕ್ಕೇ.

ಮೊನ್ನೆ ಇಂಜೆಕ್ಷನ್ ಆಯಿತು. ಎಡಗಣ್ಣು ಈ ತಿಂಗಳು ಇದ್ದ ಹಾಗೇ ಇದೆಯಂತೆ. ಇದ್ದ ಹಾಗೇ ಇರುವುದೂ ಒಳ್ಳೆಯ ಸುದ್ದಿಯೇ ಅಂತ ಈಗ ಕಲಿತಿದ್ದೇನೆ. ಅಂಧರ ಸಂಸ್ಥೆಯಿಂದ ಒಬ್ಬರು ಬಂದು ಅಕ್ಷರ ದೊಡ್ಡದು ಮಾಡಿ ತೋರಿಸುವ ಯಂತ್ರ ಕೊಟ್ಟುಹೋಗಿದ್ದಾರೆ. ಅದರಲ್ಲಿ ನಿನ್ನ ಹಳೇ ಪತ್ರಗಳನ್ನು ಒಂದೊಂದಾಗಿ ನಾನೇ ಓದುತ್ತಿದ್ದೇನೆ. ಒಂದು ಸಾಲಿಗೆ ಒಂದು ನಿಮಿಷ. ಹೊಸದನ್ನು ಇನ್ನೂ ಇವರೇ ಓದುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಂಡಾರು.

ಒಂದು ವಿಷಯ ಹೇಳಬೇಕು, ಯಾರಿಗೂ ಹೇಳಬೇಡ. ಹಿಂದಿನ ಅರ್ಧವನ್ನು ಗ್ಯಾರೇಜಿನಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿದ್ದೇನೆ. ಸಂಜೆ ಅದರ ಮೇಲೆ ಕೂತು ಕಾಲಿಗೆ ಕೆಲಸ ಕೊಡುತ್ತೇನೆ. ಮೊನ್ನೆ ಇವರು ಕೆಲಸದಿಂದ ಬಂದವರು ಒಳಗೆ ಬಂದರು. ನನಗೆ ಕಾಣುವುದಿಲ್ಲ ಅಂದುಕೊಂಡಿದ್ದರು. ಪಕ್ಕದಿಂದ ನನಗೆ ಚೆನ್ನಾಗಿ ಕಾಣುತ್ತದಲ್ಲ. ಮುಂದೆ ಖಾಲಿ ಜಾಗದಲ್ಲಿ ನಿಂತು, ಎರಡೂ ಕೈ ಮುಂದಕ್ಕೆ ಚಾಚಿ, ಹ್ಯಾಂಡಲ್ ಹಿಡಿದವರ ಹಾಗೆ ಮುಷ್ಟಿ ಕಟ್ಟಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿದರು. ಆಮೇಲೆ ಕೆಮ್ಮಿ, ‘ಚಾ ಮಾಡ್ಲ್ಯಾ?’ ಅಂದರು.

ಅವರು ಬೇಕು ಅಂತ ಕೇಳುವವರಲ್ಲ. ನಾನೂ ಕೇಳುವುದಿಲ್ಲ. ಮುಂದಿನ ಅರ್ಧ ನಿನ್ನದು.

ಸುಜಾತಾ


ಗಿರಾವೀನ್
13 ಏಪ್ರಿಲ್ 2008, ಭಾನುವಾರ

ಪ್ರೀತಿಯ ಸುಜಾತಾ, ಮತ್ತು ಇದನ್ನು ಓದುತ್ತಿರುವ ಬಾಳಪ್ಪನವರೇ,

ಮುಂದಿನ ಅರ್ಧವನ್ನು ಇವತ್ತು ಬೆಳಿಗ್ಗೆ ಕಟ್ಟಿದೆ. ಒಬ್ಬಳೇ, ಒಂದು ಗಂಟೆ ಹತ್ತು ನಿಮಿಷದಲ್ಲಿ. ನಾಳೆ ಟ್ರಾನ್ಸ್‌ಪೋರ್ಟ್‌ನವರು ಒಯ್ಯುತ್ತಾರೆ, ಗುರುವಾರ ನಿಮ್ಮ ಮನೆಯಲ್ಲಿರುತ್ತದೆ. ನನಗೆ ನನ್ನ ಸೈಕಲ್ ಇದೆ. ಇದು ನನ್ನ ಹಾಲಿನಲ್ಲಿ ಗೋಡೆಗೆ ಒರಗಿ ನಿಂತಿರುವುದನ್ನು ನನ್ನಿಂದ ನೋಡಲಾಗದು. ಬೇಡ ಅಂತ ಬರೆಯಬೇಡ ಸುಜಾತಾ, ನಿನ್ನ ಪತ್ರ ಇಲ್ಲಿ ತಲುಪುವಷ್ಟರಲ್ಲಿ ಪೆಟ್ಟಿಗೆ ಅಲ್ಲಿರುತ್ತದೆ.

ಕೂಡಿಸುವುದು ಸುಜಾತಾ ನೋಡಿಕೊಳ್ಳುತ್ತಾಳೆ, ನೀವು ಬರೀ ಎತ್ತಿ ಹಿಡಿದರೆ ಸಾಕು. ಮೊದಲು ಖಾಲಿ ಮೈದಾನದಲ್ಲಿ ಎರಡು ವಾರ ಕಲಿಯಿರಿ. ಬಿದ್ದರೆ ಎದ್ದೇಳಿ. ನಾನು ಹೆದರಿದ್ದನ್ನು ಮುಚ್ಚಿಟ್ಟೆ, ನೀವು ಮುಚ್ಚಿಡಬೇಡಿ, ಅವಳಿಗೆ ಹೇಗೂ ತಿಳಿಯುತ್ತದೆ. ಬಾಳಪ್ಪನವರೇ, ಮುಂದೆ ಕೂರುವವರು ಸುಮ್ಮನಿರುವ ಹಾಗಿಲ್ಲ. ಹೊರಡುವಾಗ ಹೇಳಬೇಕು, ನಿಲ್ಲುವಾಗ ಹೇಳಬೇಕು, ತಿರುವು ಬಂದಾಗ, ಗುಂಡಿ ಬಂದಾಗ, ದಾರಿ ನೆಟ್ಟಗಿದ್ದಾಗ ಅದನ್ನೂ ಹೇಳಬೇಕು. ಇಷ್ಟು ವರ್ಷ ಉಳಿಸಿಟ್ಟ ಮಾತನ್ನೆಲ್ಲ ಆಡಬೇಕು.

ಈಗ ಸಂಜೆ ಬೇಗ ಕತ್ತಲಾಗುತ್ತದೆ. ಗುರುವಾರ ಕೆಲಸದಿಂದ ಸ್ವಲ್ಪ ಮುಂಚೆ ಬನ್ನಿ.

ನಿಮ್ಮ
ವಿಜಯಾ